ಅದು ಕೊಳ ಎಂದು ಬರೆಸಿದ ಬೇಸಿಗೆ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮ ಬಡಾವಣೆಯ ಹಿಂದಿನ ಕೆರೆಯಿಂದ ಅಂತರಗಂಗೆ ತೆಗೆಸುವ ಕೆಲಸ ನಡೆದಿತ್ತು. ಜೆಸಿಬಿಯೊಂದು ಕಳೆಯನ್ನು ಬಾಚಿ ಬಾಚಿ ದಂಡೆಗೆ ಸುರಿಯುತ್ತಿತ್ತು. ಎರಡು ದಿನ ಬಿಸಿಲಿಗೆ ಬೆಂದ ಮೇಲೆ ಆ ರಾಶಿ ನಾರತೊಡಗಿತು. ಬೆಳಗಿನ ವಾಕಿಂಗಿಗೆ ಬಂದವರು ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟಿ ಹೋದರು. ನಾನು ಮಾತ್ರ ಅಲ್ಲೇ ನಿಂತೆ. ಕೊಳೆತ ಬೇರು, ಕಪ್ಪು ರಾಡಿ, ಅದರೊಳಗೆಲ್ಲೋ ಸತ್ತ ಸಣ್ಣ ಮೀನು. ಈ ವಾಸನೆ ಒಂದು ಇಡೀ ಬೇಸಿಗೆ ನನ್ನ ಉಗುರುಸಂದಿಯಲ್ಲಿ ಕೂತಿತ್ತು. ಕಚೇರಿಯಲ್ಲಿ ಪಕ್ಕದ ಮೇಜಿನವರು ಟೇಬಲ್ ಫ್ಯಾನನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಸೋಪು, ಲಿಂಬೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಅದು ಹೋಗಿರಲಿಲ್ಲ. ಆಮೇಲಾಮೇಲೆ ಹೋಗಿಸುವುದನ್ನೇ ನಾನು ಬಿಟ್ಟೆ.

ತೊಂಬತ್ತರ ದಶಕದ ನಡುವಿನ ಮಾತು. ನಾವು ತಿರುವನಂತಪುರದ ಪಟ್ಟಂನಲ್ಲಿದ್ದೆವು. ನನ್ನ ಗಂಡ ಶ್ರೀಪಾದ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರು. ನನ್ನದು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್. ಹೆಂಗಸು ಬಂದು ಕೂತಿದ್ದಾಳೆಂದು ಅದನ್ನು ಯಾರೂ ತಿದ್ದಿರಲಿಲ್ಲ. ಮಗಳು ಅಪರ್ಣಾ ಆಗ ಆರನೇ ಕ್ಲಾಸು. ಮನೆಯಲ್ಲಿ ನಾವು ಧಾರವಾಡದ ಕಡೆಯ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು.

ಮುಖ್ಯ ರಸ್ತೆಯಲ್ಲಿ ಬಸ್ಸು, ಆಟೋ, ಕಚೇರಿಗಳ ಗದ್ದಲ. ಅಲ್ಲಿಂದ ಒಳಗೆ ಇಳಿಯುವ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಹಿತ್ತಿಲಲ್ಲಿ ಬಾವಿ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ನಳದ ನೀರು ವಾರಕ್ಕೊಮ್ಮೆ, ಒಮ್ಮೊಮ್ಮೆ ಅದೂ ಇಲ್ಲ. ನೀರು ಬರುವ ದಿನ ಅವ್ವ ಲೋಟ, ಬೋಗುಣಿಗಳನ್ನು ಸಹ ತುಂಬಿಸಿ ಇಡುತ್ತಿದ್ದಳು. ಹಾಗಾಗಿ ಪಟ್ಟಂನ ಮನೆಗೆ ಬಂದ ಮೊದಲ ದಿನ ಆ ಬಾವಿಗೆ ಕೊಡ ಬಿಟ್ಟು, ಐದಾರು ಮೊಳ ಹಗ್ಗಕ್ಕೇ ನೀರು ಸಿಕ್ಕಾಗ, ನಾನು ಮನೆ ನೋಡುವುದನ್ನು ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಓಣಿಯ ಕೆಳತುದಿಯಲ್ಲಿ ಒಂದು ಕೊಳವಿತ್ತು. ಇತ್ತು ಎನ್ನುವುದಕ್ಕಿಂತ, ಇದ್ದಿರಬೇಕು ಎಂದು ಅನ್ನಿಸುತ್ತಿತ್ತು. ಮೇಲೆಲ್ಲ ಹಸಿರು ಕಳೆ. ಅಲ್ಲಿಯವರು ಅದನ್ನು ಪಾಯಲ್ ಎನ್ನುತ್ತಾರೆ. ಅಂಚಿನಲ್ಲಿ ಎಳನೀರಿನ ಬುರುಡೆ, ಹರಿದ ಹಾಸಿಗೆ, ಆಗತಾನೆ ಎಲ್ಲ ಅಂಗಡಿಗಳಲ್ಲೂ ಕೊಡಲು ಸುರುಮಾಡಿದ್ದ ತೆಳ್ಳನೆಯ ಪ್ಲಾಸ್ಟಿಕ್ ಚೀಲಗಳು. ಒಂದು ಮೂಲೆಯಲ್ಲಿ ಮಾತ್ರ ನಾಲ್ಕಡಿ ಅಗಲ ನೀರು ಕಾಣುತ್ತಿತ್ತು. ಅಲ್ಲಿ ಭಾರ್ಗವಿ ಚೇಚ್ಚಿ ಬಟ್ಟೆ ಒಗೆಯುತ್ತಿದ್ದಳು. ಚೇಚ್ಚಿ ಎಂದರೆ ಅಕ್ಕ. ಓಣಿಯ ಅರ್ಧ ಮನೆಗಳ ಬಟ್ಟೆ ಅವಳ ಕೈಯಲ್ಲೇ ಬೆಳ್ಳಗಾಗುತ್ತಿದ್ದವು. ಐವತ್ತೆಂಟೋ ಅರುವತ್ತೋ ವಯಸ್ಸು, ಕೊಳದ ದಂಡೆಯ ಮೇಲೆಯೇ ಎರಡು ಕೋಣೆಯ ಮನೆ, ಹಿಂದೆ ಮುಂದೆ ಯಾರೂ ಇಲ್ಲ.

ಮೊದಲ ವರ್ಷ ನಾನೂ ಆ ಕೊಳಕ್ಕೆ ಕಸ ಎಸೆದಿದ್ದೇನೆ. ಇದನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಎಸೆಯುತ್ತಿದ್ದರು, ನಾನೂ ಕಚೇರಿಗೆ ಹೋಗುವಾಗ ಒಂದು ಗಂಟು ಬೀಸಿ ಹೋಗುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಭಾರ್ಗವಿ ಚೇಚ್ಚಿ, ಕೈಯಲ್ಲಿ ನೀರು ತೊಟ್ಟಿಕ್ಕುವ ಒಂದು ಗಂಟು.

"ಸಾರೇ, ಇದು ನಿಮ್ಮದು. ಅಲ್ಲಿ ಬಿಟ್ಟು ಬಂದಿದ್ದಿರಿ" ಎಂದಳು. ಕಚೇರಿಗೆ ಹೋಗುವ ಹೆಂಗಸೂ ಅಲ್ಲಿ ಸಾರೇ.

ನನಗೆ ಮುಖ ಬಿಸಿಯಾಯಿತು. "ನಮ್ಮ ಮನೆಯದು ಅಂತ ಹೇಗೆ ಗೊತ್ತು?" ಎಂದು ನನ್ನ ಮುರುಕು ಮಲಯಾಳದಲ್ಲಿ ಕೇಳಿದೆ.

ಅವಳು ಮೆಟ್ಟಿಲ ಮೇಲೆ ಗಂಟು ಬಿಚ್ಚಿದಳು. ಒಳಗೆ ಈರುಳ್ಳಿ ಸಿಪ್ಪೆ, ಚಹಾಪುಡಿ, ಅವುಗಳಿಗೆ ಸುತ್ತಿದ ಕನ್ನಡ ಪತ್ರಿಕೆ. ಊರಿನಿಂದ ನನ್ನ ತಮ್ಮ ವಾರಕ್ಕೊಮ್ಮೆ ಕಟ್ಟಿ ಅಂಚೆಯಲ್ಲಿ ಕಳಿಸುತ್ತಿದ್ದ ಪತ್ರಿಕೆ ಅದು.

"ಈ ಅಕ್ಷರ ಈ ಓಣಿಯಲ್ಲಿ ಬೇರೆ ಯಾರು ಓದುತ್ತಾರೆ?" ಎಂದಳು ಭಾರ್ಗವಿ ಚೇಚ್ಚಿ. ಬೈಯಲಿಲ್ಲ. ನಗಲೂ ಇಲ್ಲ. ಹೊರಡುವಾಗ ನಮ್ಮ ಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿ, "ನಾನು ಒಗೆಯುವ ನೀರೇ ನೀವು ಕುಡಿಯುವುದು, ಸಾರೇ. ಮಧ್ಯೆ ಮಣ್ಣಿದೆ, ಅಷ್ಟೇ" ಎಂದು ಹೇಳಿ ಹೋದಳು.

ಅಂದಿನಿಂದ ನಾನು ಹಿತ್ತಿಲಲ್ಲಿ ಗುಂಡಿ ತೋಡಿ ಕಸ ಹಾಕಲು ಸುರುಮಾಡಿದೆ. ನಮ್ಮ ಸಂಬಂಧ ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಆ ವರ್ಷದ ಬೇಸಿಗೆ ಬೇಗ ಬಂತು. ಫೆಬ್ರುವರಿಯಲ್ಲೇ ಬೆವರು ಬೆನ್ನಿಗೆ ಅಂಟಿಕೊಂಡಿತು. ಮಾರ್ಚಿನಲ್ಲಿ ಬಾವಿಯ ಹಗ್ಗಕ್ಕೆ ಮತ್ತೊಂದು ಹಗ್ಗ ಗಂಟು ಹಾಕಬೇಕಾಯಿತು. ಓಣಿಯ ಮೇಲುಭಾಗದ ಎರಡು ಬಾವಿಗಳು ಪೂರ್ತಿ ಬತ್ತಿದವು. ಆಗಲೇ ಒಂದು ಬೆಳಿಗ್ಗೆ ಕೆಂಪು ಮಣ್ಣು ತುಂಬಿದ ಲಾರಿ ಓಣಿಗೆ ಇಳಿಯಿತು.

ಮೊದಲ ಲಾರಿ ಮಣ್ಣು ಸುರಿದು ಹೋದದ್ದನ್ನು ನಾವೆಲ್ಲ ಗೇಟಿನ ಬಳಿ ನಿಂತು ಸುಮ್ಮನೆ ನೋಡಿದೆವು. ಎರಡನೆಯದು ಹಿಂದೆ ಹಿಂದೆ ಬರುತ್ತ ಕೊಳದ ಅಂಚಿಗೆ ಹೋಗುತ್ತಿದ್ದಾಗ ಎದುರು ಮನೆಯ ಸುಕುಮಾರನ್ ಚೇಟ್ಟನ್ ಓಡಿ ಬಂದರು. ಚೇಟ್ಟನ್ ಎಂದರೆ ಅಣ್ಣ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಸ್ಸು ಹಿಂದೆ ತೆಗೆಸುವಾಗ ಊದುತ್ತಿದ್ದ ಸೀಟಿ ಇನ್ನೂ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಲಾರಿಯ ಹಿಂದೆ ನಿಂತು ಒಂದೇ ಒಂದು ಉದ್ದ ಸೀಟಿ ಊದಿದರು. ಡ್ರೈವರನ ಕಾಲು ಅಭ್ಯಾಸಬಲದಿಂದ ಬ್ರೇಕಿನ ಮೇಲೆ ಹೋಯಿತು. ಅವನು ತಲೆ ಹೊರಗೆ ಹಾಕಿ ನೋಡುವಷ್ಟರಲ್ಲಿ ಭಾರ್ಗವಿ ಚೇಚ್ಚಿ ಬಟ್ಟೆಯ ಬುಟ್ಟಿ ಇಟ್ಟು ಚಕ್ರದ ಹಿಂದೆ ಕೂತಾಗಿತ್ತು. ನಾನು ಅಂದು ಕಚೇರಿಗೆ ಉಟ್ಟಿದ್ದ ಇಸ್ತ್ರಿ ಸೀರೆಯಲ್ಲೇ ಹೋಗಿ ಅವಳ ಪಕ್ಕ ಕೂತೆ. ಯಾಕೆ ಕೂತೆ ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ. ಕಾಲು ಅತ್ತ ಹೋಯಿತು, ಕೂತೆ.

ಲಾರಿ ವಾಪಸಾಯಿತು. ಸಂಜೆ ಮುದಲಾಳಿ ಬಂದರು. ಮುದಲಾಳಿ ಎಂದರೆ ಧಣಿ. ಆ ಭಾಗದಲ್ಲಿ ಕಟ್ಟಡ ಕಟ್ಟಿಸುವ ಆ ಮನುಷ್ಯನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಬಿಳಿ ಮುಂಡು ಪಂಚೆ, ಬಿಳಿ ಅಂಗಿ, ಮೆತ್ತನೆಯ ಮಾತು. ಕೊಳದ ಪಕ್ಕದ ತೋಟ ಕೊಂಡುಕೊಂಡಿದ್ದರು. ಕೊಳವೂ ತೋಟದ ಭಾಗವೇ, ಅಲ್ಲಿ ಅಂಗಡಿ ಸಾಲು ಬರುತ್ತದೆ ಎಂದರು.

"ಕೊಳ ಎಲ್ಲಿದೆ? ನನಗೆ ಕಾಣುವುದು ಕಸದ ಗುಂಡಿ. ಅದನ್ನು ತುಂಬಿಸಿದವರು ಯಾರು? ನಾನೋ, ನೀವೋ?"

ಅದು ನಿಜವಾಗಿತ್ತು. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ಸಾರ್ ಕರ್ನಾಟಕದವರಲ್ಲವೇ? ಇವತ್ತೋ ನಾಳೆಯೋ ಟ್ರಾನ್ಸ್‌ಫರ್ ಆಗಿ ಹೋಗುವವರು. ಈ ಊರಿನ ವಿಷಯ ನಿಮಗ್ಯಾಕೆ?"

"ಹೋಗುವ ತನಕ ನೀರು ಕುಡಿಯಬೇಕಲ್ಲ" ಎಂದೆ.

ಮಾತು ಚಿಕ್ಕದು. ಆದರೆ ಮಲಯಾಳದಲ್ಲಿ ನಾನು ತಡವರಿಸದೆ ಆಡಿದ ಮೊದಲ ಮಾತು ಅದು. ಸುಕುಮಾರನ್ ಚೇಟ್ಟನ್ ಜೋರಾಗಿ ನಕ್ಕರು. ಮುದಲಾಳಿಯ ಮುಖ ಮೊದಲ ಸಲ ಬಿಗಿಯಿತು.

ಮನೆಯಲ್ಲಿ ಶ್ರೀಪಾದ ಊಟ ಅರ್ಧಕ್ಕೆ ಬಿಟ್ಟು ಕೂತಿದ್ದರು. ಸುದ್ದಿ ಅವರಿಗೆ ಬಸ್‌ಸ್ಟಾಪಿನಲ್ಲೇ ಸಿಕ್ಕಿತ್ತು.

"ಸುಮಿ, ನಿನಗ ಯಾಕ ಬೇಕಾಗಿತ್ತು ಇದು? ನಾವು ಪರ ಊರಾಗ ಅದೇವಿ. ನಾಳೆ ಪೊಲೀಸ್ರು ಒಂದು ಕೇಸ್ ಹಾಕಿದ್ರ ನನ್ನ ನೌಕರಿಗೆ ಬರತದ. ನಮ್ಮಲ್ಲೆ ಎಷ್ಟು ಸೂಕ್ಷ್ಮ ನೋಡ್ತಾರ ಗೊತ್ತದ ಇಲ್ಲೊ?"

"ನಳ ತಿರುವಿದ್ರ ಗಾಳಿ ಬರೋ ಊರಾಗ ಹುಟ್ಟೇನಿ ನಾನು. ನೀರಿದ್ದಲ್ಲೆ ಮಣ್ಣು ಹಾಕೋದನ್ನ ನೋಡಕೋತ ಕೂಡೂದು ನನ್ನ ಕೈಲೆ ಆಗಂಗಿಲ್ಲರೀ."

"ಮಂದಿ ಅದಾರಲ್ಲ, ಅವರು ನೋಡಕೋತಾರ."

"ಮಂದಿ ಅಂದ್ರ ಯಾರು? ಆ ಭಾರ್ಗವಿ, ಆ ಕಂಡಕ್ಟರು, ನಾನು. ಅಷ್ಟ ಮಂದಿ."

ಅವರು ಎದ್ದು ಕೈ ತೊಳೆದರು. ಮುಂದಿನ ಒಂದು ತಿಂಗಳು ನಮ್ಮಿಬ್ಬರ ಮಾತು ಅಕ್ಕಿ, ತರಕಾರಿ, ಅಪರ್ಣಾಳ ಸ್ಕೂಲು ಇಷ್ಟಕ್ಕೇ ನಿಂತಿತ್ತು.

ಓಣಿಯವರ ಸಹಿ ಹಾಕಿಸಿ ಅರ್ಜಿ ಬರೆದೆವು. ಮೊದಲ ಸಹಿ ಯಾರು ಹಾಕುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ ನಾನೇ ಹಾಕಿದೆ, ಕನ್ನಡದಲ್ಲಿ. ಸುಕುಮಾರನ್ ಚೇಟ್ಟನ್, ಭಾರ್ಗವಿ ಚೇಚ್ಚಿ, ನಾನು ಮೂವರೂ ಹೋಗಿ ತಹಶೀಲ್ದಾರರನ್ನು ಕಂಡೆವು. ತೆಳ್ಳಗಿನ, ದಣಿದ ಮುಖದ ಮನುಷ್ಯ. ಎರಡೂ ಕಡೆಯವರ ಕಾಗದ ನೋಡಿ, ಕೊಡೆಯ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತ ಹೇಳಿದರು:

"ವಿಷು ಹಬ್ಬ ಕಳೆದು ಮೂರನೇ ವಾರ ಸ್ಥಳಕ್ಕೆ ಬರುತ್ತೇನೆ. ಅಲ್ಲಿವರೆಗೆ ಯಾರೂ ಮಣ್ಣು ಹಾಕುವಂತಿಲ್ಲ. ಕಣ್ಣಿಗೆ ಕೊಳ ಕಂಡರೆ ಕೊಳ ಎಂದು ಬರೆಯುತ್ತೇನೆ. ಕಸದ ಗುಂಡಿ ಕಂಡರೆ ಅದನ್ನೇ ಬರೆಯುತ್ತೇನೆ. ನನಗೆ ಯಾರ ಹಂಗೂ ಇಲ್ಲ."

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಭಾರ್ಗವಿ ಚೇಚ್ಚಿ ಹೇಳಿದಳು: "ಸರಿ. ಹಾಗಾದರೆ ಕಾಣಿಸೋಣ."

ಹೀಗೆ ಸುರುವಾಯಿತು. ವಿಷು ಏಪ್ರಿಲ್ ನಡುವಿಗೆ; ನಮ್ಮ ಕೈಯಲ್ಲಿದ್ದದ್ದು ಆರು ಭಾನುವಾರ. ಮೊದಲ ಭಾನುವಾರ ನಾವು ಐದು ಹೆಂಗಸರು, ಸುಕುಮಾರನ್ ಚೇಟ್ಟನ್ ಒಬ್ಬರು. ತೆಂಗಿನ ನಾರಿನ ದಪ್ಪ ಹಗ್ಗವನ್ನು ಕೊಳದ ಅಡ್ಡಕ್ಕೆ ಹಾಕಿ, ಎರಡೂ ದಂಡೆಯಿಂದ ಎಳೆದುಕೊಂಡು ಬಂದರೆ ಪಾಯಲ್ ಕಂಬಳಿಯ ಹಾಗೆ ಮಡಚಿಕೊಂಡು ಬರುತ್ತಿತ್ತು. ಎಳೆಯಲು ಒಂದು ಸೀಟಿ, ಬಿಡಲು ಎರಡು. ಸೀರೆಯನ್ನು ಮೊಣಕಾಲಿಗೆ ಕಟ್ಟಿಕೊಂಡು ಸೊಂಟದವರೆಗೆ ರಾಡಿಯಲ್ಲಿ ನಿಂತು, ಕಳೆಯನ್ನು ತೋಳಿನಲ್ಲಿ ತಬ್ಬಿ ಮೇಲಕ್ಕೆಸೆಯುವುದು. ಮುಖ್ಯ ರಸ್ತೆಯಿಂದ ಗಂಡಸರು ಬಂದು ದಂಡೆಯ ಮೇಲೆ ಕೂತು ಬೀಡಿ ಸೇದುತ್ತ ನೋಡುತ್ತಿದ್ದರು. "ಕೇಂದ್ರ ಸರಕಾರದ ಸಾರ್‌ಗೆ ಭಾನುವಾರ ಓವರ್‌ಟೈಮ್" ಎಂದೊಬ್ಬ ನಕ್ಕ. ಭಾರ್ಗವಿ ಚೇಚ್ಚಿ ಅವನ ಕಾಲ ಬುಡಕ್ಕೇ ಒಂದು ತೋಳು ಕಳೆ ಎಸೆದು, "ಕೂತ ಜಾಗ ಬಿಡು, ಮಗಾ. ನಮಗೆ ರಾಶಿ ಹಾಕಲು ಬೇಕು" ಎಂದಳು.

ಮೊದಲ ದಿನ ಸಂಜೆಗೆ ತೆಗೆದದ್ದು ಒಂದು ಅಂಗಳದಷ್ಟು. ಬುಧವಾರದ ಹೊತ್ತಿಗೆ ಅದರಲ್ಲಿ ಅರ್ಧ ಮತ್ತೆ ಮುಚ್ಚಿಕೊಂಡಿತ್ತು. ನಾನು ಕಚೇರಿಯಿಂದ ಬರುತ್ತ ಅದನ್ನು ನೋಡಿ ದಂಡೆಯ ಮೇಲೆ ನಿಂತೇ ಅತ್ತೆ. ಭಾರ್ಗವಿ ಚೇಚ್ಚಿ ಒಗೆಯುವುದನ್ನು ನಿಲ್ಲಿಸಲಿಲ್ಲ. "ಅದು ದಿನಾ ಬೆಳೆಯುತ್ತದೆ. ನಾವು ವಾರಕ್ಕೊಮ್ಮೆ ಬಂದರೆ ಹೇಗೆ?" ಎಂದಳು ಅಷ್ಟೇ. ಮರುದಿನದಿಂದ ಬೆಳಿಗ್ಗೆ ಆರಕ್ಕೆ ಇಳಿದು ಏಳೂವರೆಗೆ ಮೇಲೆ ಬರುವುದೆಂದಾಯಿತು. ಅಲ್ಲಿಂದಲೇ ಸ್ನಾನ, ಕಚೇರಿ.

ಈ ನಡುವೆ ನನ್ನ ಕಸುಬೂ ಕೆಲಸಕ್ಕೆ ಬಂತು. ಎರಡು ದಿನ ರಜೆ ಹಾಕಿ ಹಳೆಯ ಸರ್ವೆ ನಕ್ಷೆಯ ನಕಲು ಪಡೆದೆ. ಮಾಸಿದ ಆ ಹಾಳೆಯಲ್ಲಿ ನಮ್ಮ ಓಣಿಯೇ ಇರಲಿಲ್ಲ, ಕೊಳ ಇತ್ತು. ಒಂದು ಬದಿಗೆ ಮೆಟ್ಟಿಲಿನ ಗುರುತೂ ಇತ್ತು. ಭಾರ್ಗವಿ ಚೇಚ್ಚಿ ಟೇಪಿನ ಒಂದು ತುದಿ ಹಿಡಿದಳು, ಇನ್ನೊಂದು ನಾನು. ಈಗಿನ ಕೊಳವನ್ನು ಅಳೆದು, ಹಳೆಯದರ ಮೇಲೆ ಕೂರಿಸಿ ನಕ್ಷೆ ಬರೆದೆ. ಎಷ್ಟು ಜಾಗ ಈಗಾಗಲೇ ಹೋಗಿದೆ, ಎಷ್ಟು ಉಳಿದಿದೆ ಎಂದು ಯಾರಿಗೂ ತಿಳಿಯುವ ಹಾಗೆ ಎರಡು ಬಣ್ಣ. ಅದರ ದೊಡ್ಡ ಪ್ರತಿಯನ್ನು ಓಣಿಯ ಬಾಯಲ್ಲಿ ಹಲಗೆಗೆ ಹೊಡೆದೆವು. ಮೇಲೆ 'ಇದು ಕುಳಮಾಣ್', ಇದು ಕೊಳ, ಎಂದು ಮಲಯಾಳದಲ್ಲಿ ಬರೆಯಬೇಕಿತ್ತು. ನನ್ನ ಕೈಗೆ ಅಂದವಾಗಿ ಅಕ್ಷರ ಬರೆಯುವ ಅಭ್ಯಾಸವಿತ್ತು, ಆದರೆ ಆ ಅಕ್ಷರ ಬರುತ್ತಿರಲಿಲ್ಲ. ಅಪರ್ಣಾ ಪೆನ್ಸಿಲಿನಲ್ಲಿ ಬರೆದಳು, ನಾನು ಅದರ ಮೇಲೆ ಬಣ್ಣ ತುಂಬಿದೆ. ಎರಡನೇ ಅಕ್ಷರದಲ್ಲಿ ನಾನು ಸುಳಿ ತಪ್ಪಿಸಿದಾಗ ಅವಳು ನನ್ನ ಮಣಿಕಟ್ಟು ಹಿಡಿದು ತಿದ್ದಿಸಿದಳು.

ಹಲಗೆಯನ್ನು ಮೂರು ಸಲ ಯಾರೋ ಕಿತ್ತು ಬಿಸಾಡಿದರು. ನಾಲ್ಕು ಸಲ ಬರೆದೆವು.

ಮೂರನೇ ಭಾನುವಾರದ ಹೊತ್ತಿಗೆ ಬೀಡಿ ಸೇದುತ್ತ ಕೂತವರಲ್ಲಿ ಕೆಲವರು ಮುಂಡು ಮಡಚಿ ಕಟ್ಟಿಕೊಂಡು ನೀರಿಗಿಳಿದರು. ನಗಾಡಿದ್ದವನೂ ಇಳಿದ. ಮನೆಮನೆಯಿಂದ ಬೇಯಿಸಿದ ಮರಗೆಣಸು ಬಂತು. ಅಲ್ಲಿ ಕಪ್ಪ ಎನ್ನುತ್ತಾರೆ. ನಾನು ಊರಿನ ಕೆಂಪು ಮೆಣಸಿನಕಾಯಿಯ ರಂಜಕ ಕೊಂಡೊಯ್ದೆ. ಅದನ್ನು ಕಪ್ಪಕ್ಕೆ ಹಚ್ಚಿಕೊಂಡು ತಿಂದ ಸುಕುಮಾರನ್ ಚೇಟ್ಟನ್ ಐದು ನಿಮಿಷ ಮಾತೇ ಆಡಲಿಲ್ಲ. ಕಣ್ಣು ಮೂಗೆಲ್ಲ ಸುರಿಸಿಕೊಂಡು ಕೊನೆಗೆ, "ಇದನ್ನು ಮೊದಲೇ ಮುದಲಾಳಿಗೆ ತಿನ್ನಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ" ಎಂದರು. ಎಲ್ಲರೂ ರಾಡಿಯ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ದಿನ ಮಧ್ಯಾಹ್ನ ರಾಡಿಯ ಅಡಿಯಿಂದ ಮೊದಲ ಕಲ್ಲಿನ ಮೆಟ್ಟಿಲು ಸಿಕ್ಕಿತು. ಭಾರ್ಗವಿ ಚೇಚ್ಚಿ ಅದರ ಮೇಲೆ ಬರಿಗಾಲಿಟ್ಟು ಸುಮಾರು ಹೊತ್ತು ನಿಂತಳು. ಮದುವೆಯಾಗಿ ಬಂದ ವರ್ಷ ಕಂಡದ್ದಂತೆ ಆ ಮೆಟ್ಟಿಲು.

ನಾಲ್ಕನೇ ವಾರ ನನ್ನ ಮೇಜಿನ ಮೇಲೆ ಮೆಮೊ ಬಂತು. ಯಾರೋ ಕಚೇರಿಗೆ ದೂರು ಬರೆದಿದ್ದರು. ಚಳವಳಿಯಲ್ಲಿ ಭಾಗವಹಿಸುವುದು ಸರಕಾರಿ ನೌಕರರಿಗೆ ತಕ್ಕ ನಡತೆಯಲ್ಲ, ಮೂರು ದಿನದೊಳಗೆ ವಿವರಣೆ ಕೊಡಿ ಎಂದಿತ್ತು. ನಮ್ಮ ಸೂಪರಿಂಟೆಂಡೆಂಟ್ ಒಳ್ಳೆಯವರೇ, ಆದರೆ ಹೆದರುಪುಕ್ಕಲು. "ತಪ್ಪಾಯಿತು ಎಂದು ಒಂದು ಸಾಲು ಬರೆಯಿರಿ, ಫೈಲು ಮುಚ್ಚುತ್ತೇನೆ" ಎಂದರು.

ನಾನು ಅಂದೇ ಉತ್ತರ ಬರೆದೆ. ನನ್ನ ಮನೆಯ ಬಾವಿಗೆ ನೀರು ಬರುವ ಜಾಗವನ್ನು ರಜೆಯ ದಿನ ಮತ್ತು ಕಚೇರಿ ಸಮಯಕ್ಕೆ ಮೊದಲು ಸ್ವಚ್ಛ ಮಾಡಿದ್ದೇನೆ. ಯಾರ ವಿರುದ್ಧವೂ ಘೋಷಣೆ ಕೂಗಿಲ್ಲ. ಕಸ ತೆಗೆಯಬಾರದೆಂದು ನಿಯಮವಿದ್ದರೆ ಅದರ ನಂಬರು ದಯವಿಟ್ಟು ತಿಳಿಸಿ, ಓದಿಕೊಳ್ಳುತ್ತೇನೆ. ಸೂಪರಿಂಟೆಂಡೆಂಟ್ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ಕೊನೆಯ ಸಾಲು ಬೇಕೇ?" ಎಂದರು. "ಬೇಕು" ಎಂದೆ.

ತಹಶೀಲ್ದಾರರು ಬರುವ ದಿನದ ಬೆಳಿಗ್ಗೆ ಆರಕ್ಕೆ ಹೋದರೆ ಕೊಳದ ಮೆಟ್ಟಿಲು ಕಾಣಲಿಲ್ಲ. ಮೆಟ್ಟಿಲಿದ್ದ ಬದಿಯಲ್ಲಿ ಎರಡು ಲಾರಿ ಕೆಂಪು ಮಣ್ಣು ಬಿದ್ದಿತ್ತು. ಹಿಂದಿನ ಸಂಜೆ ಗುಡುಗು ಮಳೆ ಬಂದು ಕರೆಂಟು ಹೋದ ಸಮಯ ನೋಡಿ ಸುರಿದು ಹೋಗಿದ್ದರು. ಮಣ್ಣು ನೆನೆದು ಗಟ್ಟಿಯಾಗಿತ್ತು. ನೀರೆಲ್ಲ ಕೆಂಪು. ತಹಶೀಲ್ದಾರರು ಬರುವುದು ಹನ್ನೊಂದಕ್ಕೆ.

ಸುಕುಮಾರನ್ ಚೇಟ್ಟನ್ ಓಣಿಯ ಮೇಲ್ತುದಿಗೆ ಹೋಗಿ ಸೀಟಿ ಊದುತ್ತ ಇಳಿದು ಬಂದರು. ಪ್ರತಿ ಗೇಟಿನ ಮುಂದೆ ಒಂದು ಸೀಟಿ. ಜನ ಬಂದರು. ಹಲ್ಲುಜ್ಜುತ್ತಿದ್ದವರು, ಹಾಲು ತರಲು ಹೊರಟಿದ್ದ ಟೀಚರು, ಮೀನು ಹೊತ್ತು ಮಾರಲು ಬಂದಿದ್ದ ಹೆಂಗಸರು ತಮ್ಮ ಅಲ್ಯುಮಿನಿಯಂ ಬೋಗುಣಿ ಖಾಲಿ ಮಾಡಿಕೊಂಡು. ಸಾಲು ನಿಂತೆವು. ಬುಟ್ಟಿ, ಬಕೆಟ್ಟು, ಬೋಗುಣಿ ಕೈಯಿಂದ ಕೈಗೆ. ಮಣ್ಣು ಮೇಲಕ್ಕೆ, ಖಾಲಿ ಬೋಗುಣಿ ಕೆಳಕ್ಕೆ. ತೆಗೆದ ಮಣ್ಣು ಯಾರ ಯಾರದೋ ಬಾಳೆಯ ಬುಡಕ್ಕೆ, ಓಣಿಯ ಗುಂಡಿಗಳಿಗೆ ಹೋಯಿತು. ನನ್ನ ಅಂಗೈಯ ಚರ್ಮ ಸುಲಿದು ಬೋಗುಣಿಯ ಅಂಚು ತಗಲಿದಲ್ಲೆಲ್ಲ ಉರಿಯುತ್ತಿತ್ತು. ಎಡಗಡೆಯಿಂದ ಬಂದ ಬಕೆಟ್ಟು ಹಿಡಿಯಲು ತಿರುಗಿದೆ; ಅದನ್ನು ಕೊಡುತ್ತಿದ್ದವರು ಶ್ರೀಪಾದ. ಕಚೇರಿಯ ಬಸ್ಸು ಬಿಟ್ಟು, ಇಸ್ತ್ರಿ ಪ್ಯಾಂಟು ಮಡಚಿಕೊಂಡು ನಿಂತಿದ್ದರು.

"ಹಿಡಿ. ನೋಡಕೋತ ನಿಂದ್ರಬ್ಯಾಡ" ಎಂದರು.

ಹನ್ನೊಂದೂ ಕಾಲಿಗೆ ತಹಶೀಲ್ದಾರರು ಕೊಡೆ ಹಿಡಿದು ಬಂದಾಗ ಮೆಟ್ಟಿಲು ಕಾಣುತ್ತಿತ್ತು. ನೀರು ಇನ್ನೂ ಕೆಂಪಗಿತ್ತು. ಮುದಲಾಳಿ ಅವರ ಜೊತೆಗೇ ಬಂದಿದ್ದರು.

"ನಿನ್ನೆಯ ಮಳೆ ನೀರು, ಸಾರ್. ಮೊಣಕಾಲಿನಷ್ಟು ಇದೆ. ನಾಲ್ಕು ದಿನ ಬಿಸಿಲು ಬಂದರೆ ಒಣಗುತ್ತದೆ. ಇದನ್ನು ಕೊಳ ಎನ್ನಲು ಆಗುತ್ತದೆಯೇ?"

ತಹಶೀಲ್ದಾರರು ನನ್ನ ನಕ್ಷೆ ನೋಡಿದರು, ಕೆಂಪು ನೀರು ನೋಡಿದರು. ಆಳ ಎಷ್ಟೆಂದು ಆ ಬಣ್ಣದಲ್ಲಿ ತಿಳಿಯುವಂತಿರಲಿಲ್ಲ. "ಒಂದು ಬಿದಿರು ತರಿಸಿ" ಎನ್ನುತ್ತಿದ್ದರು. ಅಷ್ಟರಲ್ಲಿ ಭಾರ್ಗವಿ ಚೇಚ್ಚಿ ಮೆಟ್ಟಿಲಿಳಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಎದೆಮಟ್ಟ ನೀರು. ಅಲ್ಲಿಂದ ಕೈ ಚಾಚಿ ಈಜುತ್ತ ನಟ್ಟನಡುವೆ ಹೋದಳು. ನಮ್ಮ ಕಡೆಗೊಮ್ಮೆ ತಿರುಗಿ ನೋಡಿ ಮುಳುಗಿದಳು.

ನೀರು ಮುಚ್ಚಿಕೊಂಡಿತು. ಸುಕುಮಾರನ್ ಚೇಟ್ಟನ್ ಸೀಟಿಯನ್ನು ತುಟಿಗಿಟ್ಟುಕೊಂಡು ಊದದೆ ನಿಂತಿದ್ದರು. ನಾನು ಮೂರು ಮೆಟ್ಟಿಲು ಇಳಿದುಬಿಟ್ಟಿದ್ದೆ, ಈಜು ಬಾರದವಳು. ತಹಶೀಲ್ದಾರರು "ಯಾರಾದರೂ ಇಳಿಯಿರಿ!" ಎಂದು ಕೂಗಿದರು.

ಆಗ ಅವಳ ತಲೆ ಮೇಲೆ ಬಂತು. ಬಿಳಿಕೂದಲೆಲ್ಲ ಕೆಂಪು. ಒಂದೇ ಕೈಯಲ್ಲಿ ಈಜುತ್ತ ಬಂದು, ಮೆಟ್ಟಿಲು ಹತ್ತಿ, ನೀರು ಸುರಿಸುತ್ತ ತಹಶೀಲ್ದಾರರ ಮುಂದೆ ನಿಂತು ಇನ್ನೊಂದು ಕೈಯ ಮುಷ್ಟಿ ಬಿಚ್ಚಿದಳು. ಕರ್‍ರಗಿನ ಮಣ್ಣು.

"ಇದು ತಳ, ಸಾರ್. ಎರಡಾಳು ಕೆಳಗಿದೆ. ಮುದಲಾಳಿಗೆ ಮೊಣಕಾಲಿನಷ್ಟು ಅನ್ನಿಸಿದರೆ ಅವರೂ ಇಳಿದು ನೋಡಲಿ. ನಾವು ಕಾಯುತ್ತೇವೆ."

ಮುದಲಾಳಿ ಕೊಳದ ಕಡೆ ನೋಡಲಿಲ್ಲ. ತಹಶೀಲ್ದಾರರು ಕೊಡೆಯನ್ನು ಗುಮಾಸ್ತನ ಕೈಗೆ ಕೊಟ್ಟು, ಫೈಲು ತೆರೆದು, ನಿಂತಲ್ಲೇ ಬರೆದರು. ಏನು ಬರೆದರೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅಪರ್ಣಾ ಅವರ ಮೊಣಕೈ ಕೆಳಗೆ ನುಸುಳಿ ಓದಿ, "ಕುಳಂ ಎನ್ನಾಣ್ ಎೞುದಿಯಿರಿಕ್ಕುನ್ನದ್!" ಎಂದು ಕೂಗಿದಳು. ಕೊಳ ಎಂದೇ ಬರೆದಿದ್ದಾರೆ! ಆಗ ಎದ್ದ ಗದ್ದಲದಲ್ಲಿ ಸೀಟಿಯೂ ಕೇಳಿಸಲಿಲ್ಲ.

ಮಣ್ಣು ಹಾಕುವುದಕ್ಕೆ ತಡೆ ಬಂತು. ಜೂನಿನ ಮೊದಲ ವಾರ ಮಳೆ ಹಿಡಿಯಿತು. ಒಂದೇ ವಾರದಲ್ಲಿ ಕೊಳ ಮೇಲಿನ ಮೆಟ್ಟಿಲಿನ ತನಕ ತುಂಬಿತು, ನೀರು ತಿಳಿಯಾಯಿತು. ಓಣಿಯ ಬತ್ತಿದ ಎರಡು ಬಾವಿಗಳಲ್ಲೂ ನೀರು ಕಾಣಿಸಿತು. ಮುಂದಿನ ವರ್ಷಗಳಲ್ಲಿ ಬೆಳಗಿನ ಆ ಒಂದೂವರೆ ಗಂಟೆಯ ಪಾಳಿ ಮನೆಮನೆಗೆ ಹಂಚಿಕೆಯಾಯಿತು ಎಂದು ಕೇಳಿದ್ದೇನೆ. ಭಾರ್ಗವಿ ಚೇಚ್ಚಿ ಕೊನೆಯವರೆಗೂ ಅಲ್ಲೇ ಒಗೆದಳು.

ನನಗೆ ಆ ಮಳೆಯ ಎರಡನೇ ವಾರವೇ ವರ್ಗಾವಣೆಯ ಆದೇಶ ಬಂತು. ಕೊಚ್ಚಿ, ವಿಲ್ಲಿಂಗ್ಡನ್ ಐಲ್ಯಾಂಡಿನ ಶಾಖಾ ಕಚೇರಿ. ಕಾರಣ, ಆಡಳಿತಾತ್ಮಕ. ಸೂಪರಿಂಟೆಂಡೆಂಟ್ ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. "ಮೇಲಿನವರ ಜೊತೆ ಮಾತಾಡಿದ್ದೇನೆ. ನಡೆದದ್ದಕ್ಕೆ ವಿಷಾದವಿದೆ ಎಂದು ಬರೆದುಕೊಟ್ಟರೆ ಆದೇಶ ವಾಪಸ್. ಮಗಳ ಸ್ಕೂಲು, ಸಂಸಾರ ಎಲ್ಲ ಇಲ್ಲಿದೆ. ಯೋಚಿಸಿ."

ಮನೆಗೆ ಬಂದು ಬರೆಯಲು ಕೂತೆ. ಸುಳ್ಳಾಡುವುದಿಲ್ಲ, ಬರೆದೂ ಬಿಟ್ಟೆ. ಅಪರ್ಣಾಳ ಮುಖ ಕಣ್ಣ ಮುಂದಿತ್ತು. ಶ್ರೀಪಾದ ಚಹಾ ಹಿಡಿದು ಬಂದು ಹಾಳೆಯನ್ನು ಎತ್ತಿ ಓದಿದರು.

"ವಿಷಾದ ಅದ ಏನು ನಿನಗ?"

"ಇಲ್ಲ."

"ಮತ್ತ ಸುಳ್ಳು ಯಾಕ ಬರದಿ?"

"ಅಪ್ಪೂನ ಸಾಲಿ? ನಿಮ್ಮ ಊಟ?"

"ಅಪ್ಪೂನ ಸಾಲಿಗೆ ನಾ ಕಳಸತೇನಿ. ಅನ್ನ ಮಾಡಲಿಕ್ಕೆ ಬರತದ. ಸಾರು ಕಲೀತೇನಿ. ಶನಿವಾರ ಶನಿವಾರ ರೈಲು ಅದ, ನೀ ಬಾ." ಹಾಳೆಯನ್ನು ನಾಲ್ಕಾಗಿ ಹರಿದು ಕಿಸೆಗಿಟ್ಟುಕೊಂಡರು. "ಆ ಮುದುಕಿ ನೀರಾಗ ಮುಳುಗಿದ್ಲು. ನೀ ಒಂದು ಸಾಲು ಬರದು ಎದ್ದು ಬರತಿ ಏನು?"

ಹೀಗೆ ನಾನು ಕೊಚ್ಚಿಗೆ ಹೋದೆ. ಎರಡು ವರ್ಷ ಅಲ್ಲಿದ್ದೆ. ಶನಿವಾರದ ರೈಲಿನಲ್ಲಿ ನಿಂತೇ ಪ್ರಯಾಣ ಮಾಡಿದ್ದು, ಅಪರ್ಣಾಳಿಗೆ ಜ್ವರ ಬಂದಾಗ ಫೋನಿನ ಬೂತಿನಲ್ಲಿ ಅತ್ತಿದ್ದು, ಇವೆಲ್ಲ ಸುಲಭವಾಗಿತ್ತೆಂದು ಹೇಳಲಾರೆ.

ಹಾಜರಾದ ದಿನ ಧಾರಾಕಾರ ಮಳೆ. ಎರ್ನಾಕುಲಂ ಜೆಟ್ಟಿಯಿಂದ ದೋಣಿಯಲ್ಲಿ ಬಂದೆ. ಹಿನ್ನೀರಿನ ಆಚೆ ಮಟ್ಟಾಂಚೇರಿಯ ಉಗ್ರಾಣಗಳ ಹೆಂಚಿನ ಸಾಲು ಮಳೆಯಲ್ಲಿ ಮಸುಕಾಗಿತ್ತು. ಕಚೇರಿಯಲ್ಲಿ ಹೊಸ ಅಧಿಕಾರಿ ನನಗೊಂದು ಫಾರಂ ಕೊಟ್ಟರು. ಹೆಸರು, ಹುದ್ದೆ, ಹಿಂದಿನ ಕಚೇರಿ, ವರ್ಗಾವಣೆಯ ಕಾರಣ. ಕೊನೆಯ ಅಂಕಣದಲ್ಲಿ, ನಕ್ಷೆಗೆ ಹೆಸರು ಬರೆಯುವಾಗ ಬರೆಯುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಇಂಗ್ಲಿಷಿನಲ್ಲಿ ಬರೆದೆ: ಕೊಳ ಸ್ವಚ್ಛ ಮಾಡಿದ್ದಕ್ಕೆ.

ಅಧಿಕಾರಿ ಓದಿ ತಲೆ ಎತ್ತಿದರು. "ಇದನ್ನು ಹೊಡೆದುಹಾಕಿ. ಆಡಳಿತಾತ್ಮಕ ಎಂದು ಬರೆಯಿರಿ."

"ಇಲ್ಲ ಸಾರ್. ಫಾರಂನಲ್ಲಿ ಕಾರಣ ಕೇಳಿದ್ದಾರೆ. ಕಾರಣ ಅದೇ."

"ನಿಮ್ಮ ಸರ್ವೀಸ್ ಪುಸ್ತಕಕ್ಕೆ ಸೇರುತ್ತದೆ ಇದು. ರಿಟೈರ್ ಆಗುವ ತನಕ ಇರುತ್ತದೆ."

"ಇರಲಿ ಸಾರ್."

ಅವರು ಪೆನ್ನಿನ ಮುಚ್ಚಳ ತೆಗೆದು, ದನಿ ತಗ್ಗಿಸಿ ಕೇಳಿದರು:

"ಈಗ ಹೇಗಿದೆ, ಆ ಕೊಳ?"

"ತುಂಬಿದೆ ಸಾರ್" ಎಂದೆ.

ಅವರು ಸಹಿ ಹಾಕಿದರು.